ಪುನರ್ಪುಳಿ (ಕೋಕಂ) ಶರಬತ್ತಿನ ಕೆಂಪು ಎಲ್ಲಿ ಹೋಯಿತು? ದೋಷ ಹುಡುಕುವ ಬಗೆ

ಮಳೆಗಾಲದ ನಡುವಿನ ಆಟಿ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. "ಅಕ್ಕ, ಪತ್ತನಾಜೆಗೆ (ಮೇ ಕೊನೆಯ ಹೊತ್ತು) ಮುಂಚೆ ಮಾಡಿಟ್ಟ ಪುನರ್ಪುಳಿ ಶರಬತ್ತು ಚಹಾದ ಬಣ್ಣಕ್ಕೆ ತಿರುಗಿದೆ. ರುಚಿ ಸರಿಯೇ ಇದೆ. ಏನು ಹಾಕ್ಲಿ?"

ಏನೂ ಹಾಕಬೇಡಿ. ನನ್ನ ಮೊದಲ ಉತ್ತರ ಇದೇ. ಬಣ್ಣ ಹೋಯಿತೆಂದು ಗಾಬರಿಯಾಗಿ ಒಬ್ಬರು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಾಕುತ್ತಾರೆ. ಇನ್ನೊಬ್ಬರು ಮತ್ತೊಮ್ಮೆ ಕುದಿಸುತ್ತಾರೆ. ಮತ್ತೊಬ್ಬರು ಕೆಡದಂತೆ ಇಡುವ ಬಿಳಿ ಪುಡಿ ಬೆರೆಸುತ್ತಾರೆ. ಈ ಮೂರೂ ಉಳಿದಿರುವ ಚೂರು ಕೆಂಪನ್ನೂ ತೆಗೆದುಬಿಡುತ್ತವೆ. ಒಂದು ಬಣ್ಣಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ. ಹಾಗಾಗಿ ಮೊದಲು ರೋಗ ಯಾವುದು ಎಂದು ಗೊತ್ತಾಗಬೇಕು, ಆಮೇಲೆ ಮದ್ದು.

ನಾನು ಉಡುಪಿ ಹತ್ತಿರದ ಹಿರಿಯಡ್ಕದವಳು. ಮನೆಯಲ್ಲೇ ಶರಬತ್ತು ಮಾಡಿ ನೆಂಟರಿಗೆ, ನಾಲ್ಕಾರು ಅಂಗಡಿಗಳಿಗೆ ಕೊಡುತ್ತೇನೆ. ಇಲ್ಲಿ ಬರೆದ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನೇ ಮಾಡಿ ಕಲಿತಿದ್ದೇನೆ. ಒಂದು ಬಾಟಲಿ ಕೆಟ್ಟರೆ ಒಂದು ವರ್ಷ ಕಾಯಬೇಕು. ಹಣ್ಣು ಮತ್ತೆ ಬರುವುದು ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಮೇಲೆ ಅಲ್ವಾ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಎರಡು ಲೋಟ, ಒಂದು ಚಿಟಿಕೆ ಸೋಡಾ

ಕೆಂಪು ಕಂಡದ್ದೆಲ್ಲ ಒಂದೇ ಬಣ್ಣ ಅಲ್ಲ. ಪುನರ್ಪುಳಿ, ನೇರಳೆ ಹಣ್ಣು, ದಾಳಿಂಬೆ, ಶಂಖಪುಷ್ಪ ಇವುಗಳಲ್ಲಿರುವುದು ಆಂಥೋಸಯನಿನ್ ಎಂಬ ಬಣ್ಣ. ಬೀಟ್‌ರೂಟಿನಲ್ಲಿರುವುದು ಬೀಟಲೇನ್, ಅದು ಬೇರೆ ಜಾತಿ. ಕಲ್ಲಂಗಡಿಯ ಕೆಂಪು ಲೈಕೋಪೀನ್, ಅದು ನೀರಿನಲ್ಲಿ ಕರಗುವುದೇ ಇಲ್ಲ. ಕಲ್ಲಂಗಡಿ ಜ್ಯೂಸಿನಲ್ಲಿ ಕೆಂಪು ಒಂದು ಕಡೆ, ನೀರು ಒಂದು ಕಡೆ ಆಗುವುದು ಅದಕ್ಕೇ. ಅದು ದೋಷವಲ್ಲ. ಕಲಕಿ ಕುಡಿದರೆ ಸಾಕು.

ನಿಮ್ಮ ಶರಬತ್ತಿನಲ್ಲಿ ಯಾವ ಕೆಂಪು ಇದೆ ಎಂದು ಅಡುಗೆಮನೆಯಲ್ಲೇ ನೋಡಬಹುದು. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಎರಡಕ್ಕೂ ಒಂದೊಂದು ಚಮಚ ಶರಬತ್ತು, ಅರ್ಧ ಲೋಟ ನೀರು. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ಹನಿ ಹನಿಯಾಗಿ ಬಿಡಿ.

ಮೊದಲ ಹನಿಗಳು ಬಿದ್ದಾಗ ಬುರುಬುರು ನೊರೆ ಬರುತ್ತದೆ, ಬಣ್ಣ ಅಲ್ಲಾಡುವುದಿಲ್ಲ. ಹುಳಿ ಮುಗಿಯುತ್ತಾ ಬಂದ ಹಾಗೆ ಹನಿ ಬಿದ್ದ ಜಾಗದಲ್ಲಿ ಒಂದು ನೇರಳೆ ಎಳೆ ಕಾಣುತ್ತದೆ. ಅಲ್ಲಾಡಿಸಿದರೆ ಮಾಯವಾಗುತ್ತದೆ. ಇನ್ನೂ ನಾಲ್ಕು ಹನಿ ಬಿಟ್ಟರೆ ಲೋಟ ಪೂರ್ತಿ ನೇರಳೆ. ಮತ್ತೂ ಬಿಟ್ಟರೆ ಮಾಸಿದ ನೀಲಿ, ಕೊನೆಗೆ ಪಾಚಿಯಂಥ ಹಸಿರು. ನನ್ನ ಮಗಳು ಸಣ್ಣವಳಿದ್ದಾಗ ಇದನ್ನು ನೋಡಲಿಕ್ಕೆ ದಿನಾ ಒಂದು ಚಮಚ ಶರಬತ್ತು ಕೇಳುತ್ತಿದ್ದಳು. ಹೀಗೆ ಬದಲಾದರೆ ಅದು ಆಂಥೋಸಯನಿನ್, ಅಂದರೆ ಪುನರ್ಪುಳಿಯದ್ದೇ ಬಣ್ಣ. ಹೂವಿನ ಬಣ್ಣ ಹುಳಿಗೆ ಒಂದು, ಕ್ಷಾರಕ್ಕೆ ಒಂದು ಆಗುವುದನ್ನು ರಾಬರ್ಟ್ ಬಾಯ್ಲ್ 1664ರಲ್ಲೇ ಬರೆದಿಟ್ಟಿದ್ದ. ನಾವು ಲೋಟದಲ್ಲಿ ಮಾಡುವುದು ಅದೇ ಪರೀಕ್ಷೆ.

ಸೋಡಾ ಬಿದ್ದರೂ ಕೆಂಪು ಕೆಂಪಾಗಿಯೇ ಉಳಿದರೆ ಅದು ಬೀಟ್‌ರೂಟ್ ಇರಬಹುದು, ಅಥವಾ ಪ್ಯಾಕೆಟ್ ಬಣ್ಣ ಇರಬಹುದು. ಆಗ ಸ್ವಲ್ಪ ತೆಗೆದು ಹತ್ತು ಹದಿನೈದು ನಿಮಿಷ ಕುದಿಸಿ. ಬೀಟ್‌ರೂಟ್ ಮಂಕಾಗಿ ಕಂದುಹಳದಿ ಕಡೆಗೆ ಹೋಗುತ್ತದೆ. ಪ್ಯಾಕೆಟ್ ಬಣ್ಣ ಸಾಮಾನ್ಯವಾಗಿ ಕದಲುವುದಿಲ್ಲ. ಅಂಗಡಿಯಿಂದ ತಂದ ಪುನರ್ಪುಳಿ ಸಿರಪ್ ವರ್ಷವಾದರೂ ರಕ್ತದ ಹಾಗೆ ಕೆಂಪಾಗಿದೆ ಎಂದರೆ ನಾನು ಮೊದಲು ಮಾಡುವುದು ಈ ಪರೀಕ್ಷೆ.

ಬಣ್ಣ ಸತ್ತಿದೆಯಾ, ಮಲಗಿದೆಯಾ?

ಎರಡನೇ ಪರೀಕ್ಷೆಗೆ ಅರ್ಧ ಲಿಂಬೆಹಣ್ಣು ಸಾಕು. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಪರೀಕ್ಷೆ ಇಲ್ಲ. ಮಂಕಾದ ಶರಬತ್ತನ್ನು ಕುಡಿಯುವ ಹದಕ್ಕೆ ನೀರು ಮಾಡಿ, ಅದಕ್ಕೆ ಲಿಂಬೆ ಹಿಂಡಿ. ಎರಡು ನಿಮಿಷ ಬಿಡಿ.

ಕೆಂಪು ಮರಳಿ ಬಂದರೆ ಬಣ್ಣ ಜೀವಂತ ಇದೆ. ಹುಳಿ ಸಾಲದೆ ಅದು ಬಣ್ಣವಿಲ್ಲದ ರೂಪಕ್ಕೆ ಹೋಗಿತ್ತು ಅಷ್ಟೇ. ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಂಕೆಯಲ್ಲಿ, ಅಂಕೆ ಕಡಿಮೆಯಾದಷ್ಟು ಹುಳಿ ಜಾಸ್ತಿ. ಆಂಥೋಸಯನಿನ್ ಪಿಎಚ್ 3ಕ್ಕಿಂತ ಕೆಳಗೆ ಚೆನ್ನಾಗಿ ಕೆಂಪಾಗಿರುತ್ತದೆ. ಪಿಎಚ್ 4ರಿಂದ 5ರ ನಡುವೆ ಅದರ ಬಹುಪಾಲು ಬಣ್ಣವೇ ಕಾಣದ ರೂಪಕ್ಕೆ ತಿರುಗುತ್ತದೆ. ಹುಳಿ ಕೊಟ್ಟರೆ ವಾಪಸ್ ಬರುತ್ತದೆ.

ಲಿಂಬೆ ಹಿಂಡಿದರೂ ಕಂದು ಕಂದಾಗಿಯೇ ಉಳಿದರೆ ಬಣ್ಣದ ಕಣವೇ ಮುರಿದುಹೋಗಿದೆ. ಅದನ್ನು ಯಾವ ಪುಡಿಯೂ ಮರಳಿ ಕೂಡಿಸುವುದಿಲ್ಲ. ಮುಂದಿನ ವರ್ಷ ಹಾಗಾಗದಂತೆ ಕಾರಣ ಹುಡುಕಬೇಕು, ಅಷ್ಟೇ ಉಳಿದ ದಾರಿ.

ಇಲ್ಲಿ ಒಂದು ಎಚ್ಚರಿಕೆ. ಈ ಲಿಂಬೆ ಲೋಟಕ್ಕೆ ಮಾತ್ರ. ಬಾಟಲಿಗೆ ಅಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಬಾಟಲಿಯಲ್ಲಿ ಕೆಂಪು, ಲೋಟದಲ್ಲಿ ಮಂಕು: ನೀರನ್ನು ನೋಡಿ

ಮಣಿಪಾಲ ರಸ್ತೆಯ ಒಂದು ಜ್ಯೂಸ್ ಅಂಗಡಿಯವರು ಏಪ್ರಿಲ್ ಕೊನೆಗೆ ಫೋನ್ ಮಾಡಿದರು. "ಮಾರಾಯ್ರೆ, ಇದು ನೀವು ಕೊಟ್ಟ ಬಾಟ್ಲಿಯೇ ಅಲ್ವಾ? ಡಿಸೆಂಬರ್‌ನಲ್ಲಿ ಎಷ್ಟು ಚಂದ ಇತ್ತು. ಈಗ ಗಿರಾಕಿ ನೀರು ಜಾಸ್ತಿ ಹಾಕಿದ್ರಿ ಅಂತಾರೆ." ಹೋಗಿ ನೋಡಿದೆ. ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ಚೆನ್ನಾಗಿಯೇ ಕೆಂಪು. ಜಗ್ಗಿನಲ್ಲಿ ಮಾತ್ರ ಒಂಥರಾ ಬೂದಿ ಮಿಶ್ರಿತ ನಸುಗೆಂಪು.

"ನೀರು ಎಲ್ಲಿಯದು?" ಎಂದು ಕೇಳಿದೆ. ಡಿಸೆಂಬರ್‌ನಲ್ಲಿ ಬಾವಿಯದು. ಈಗ ಬಾವಿ ಬತ್ತಿದೆ, ಬೋರ್‌ವೆಲ್ ನೀರು.

ಒಂದು ಬಾಟಲಿ ಕುಡಿಯುವ ನೀರು ತರಿಸಿದೆವು. ಒಂದೇ ಅಳತೆಯ ಎರಡು ಲೋಟ, ಎರಡಕ್ಕೂ ಅದೇ ಶರಬತ್ತು. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಬಾಟಲಿ ನೀರು. ಪಕ್ಕಪಕ್ಕ ಇಟ್ಟ ಮೇಲೆ ಬೇರೆ ಮಾತೇ ಬೇಕಾಗಲಿಲ್ಲ. ಬಾಟಲಿ ನೀರಿನದು ಮಾಣಿಕ್ಯದ ಹಾಗೆ. ಬೋರ್ ನೀರಿನದು ತೊಳೆದ ಬಟ್ಟೆಯ ಹಾಗೆ.

ನಮ್ಮ ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಸ್ವಲ್ಪ ಹುಳಿಯ ಕಡೆಗೇ ಇರುತ್ತದೆ. ಬೋರ್‌ವೆಲ್ ನೀರು ಆಳದ ಕಲ್ಲಿನ ನಡುವಿನಿಂದ ಬರುವುದು. ಅದರಲ್ಲಿ ಬೈಕಾರ್ಬನೇಟ್ ಜಾಸ್ತಿ. ಅಡುಗೆ ಸೋಡಾದ ಕೆಲಸವನ್ನೇ ಅದು ಸಣ್ಣ ಮಟ್ಟದಲ್ಲಿ ಮಾಡುತ್ತದೆ, ಹುಳಿಯನ್ನು ತಿನ್ನುತ್ತದೆ. ಪುನರ್ಪುಳಿಯ ದಪ್ಪ ರಸ ಪಿಎಚ್ 2ರ ಆಸುಪಾಸು ಇರುವಷ್ಟು ಹುಳಿ. ಬಾಟಲಿಯಲ್ಲಿ ಅದಕ್ಕೆ ಯಾವ ಭಯವೂ ಇಲ್ಲ. ಒಂದಕ್ಕೆ ನಾಲ್ಕೈದು ಪಾಲು ನೀರು ಸೇರಿದಾಗ ಪಿಎಚ್ 3ರ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ಚೂರು ಏರಿದರೂ ಕಣ್ಣಿಗೆ ಕಾಣುತ್ತದೆ.

ಪರಿಹಾರ ಸುಲಭ. ನೀರು ಬದಲಿಸಿ. ಆಗದಿದ್ದರೆ ಕೊಡುವ ಹೊತ್ತಿಗೆ ಲೋಟಕ್ಕೆ ನಾಲ್ಕು ಹನಿ ಲಿಂಬೆ.

ನಳ್ಳಿ ನೀರಿನದು ಬೇರೆ ಕಥೆ. ಉಡುಪಿ ಪೇಟೆಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ, ಮಂಗಳೂರಿಗೆ ನೇತ್ರಾವತಿಯ ತುಂಬೆಯಿಂದ ನೀರು ಬರುತ್ತದೆ. ಎರಡಕ್ಕೂ ಕ್ಲೋರಿನ್ ಹಾಕಿರುತ್ತಾರೆ, ಹಾಕಲೇಬೇಕು. ಮೂಗಿಗೆ ವಾಸನೆ ಬರುವಷ್ಟು ಇದ್ದ ದಿನ ತೆಳು ಶರಬತ್ತಿನ ಬಣ್ಣಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ. ನೀರನ್ನು ಕುದಿಸಿ ಆರಿಸಿದರೆ ಸಾಕು.

ಜಗ್ಗಿನ ನೀರನ್ನು ರಾತ್ರಿ ಬಿಟ್ಟಾಗ ತಳದಲ್ಲಿ ಕೆಂಚು ಗಸಿ ನಿಂತರೆ, ಬಕೆಟ್ಟಿಗೆ ತುಕ್ಕಿನ ಕಲೆ ಹಿಡಿದರೆ, ಆ ನೀರಿನಲ್ಲಿ ಕಬ್ಬಿಣ ಇದೆ. ಹುಳಿ ಜಾಸ್ತಿ ಇರುವ ಪುನರ್ಪುಳಿ ಶರಬತ್ತಿನಲ್ಲಿ ಕಬ್ಬಿಣ ತಕ್ಷಣ ಏನೂ ತೋರಿಸುವುದಿಲ್ಲ, ನಿಧಾನವಾಗಿ ಕಂದು ಮಾಡುತ್ತದೆ. ಹುಳಿ ಕಡಿಮೆ ಇರುವ ನೇರಳೆ ಹಣ್ಣಿನ ಜ್ಯೂಸು, ತೆಂಗಿನಹಾಲು ಹಾಕಿದ ಪುನರ್ಪುಳಿ ಕಡಿ, ನೆಲ್ಲಿಕಾಯಿ ರಸ ಇವೆಲ್ಲ ಬೇಗ ಕಪ್ಪು ನೀಲಿ ಆಗುತ್ತವೆ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುವುದನ್ನು ನೋಡಿದ್ದೀರಿ ಅಲ್ವಾ, ಅದೇ. ಪಾತ್ರೆ ಸ್ಟೀಲಿನದ್ದೇ ಇರಲಿ. ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಗೆ ಪುನರ್ಪುಳಿ ಹಾಕಲೇಬೇಡಿ. ಅಲ್ಲಿ ಪ್ರಶ್ನೆ ಬಣ್ಣದ್ದಲ್ಲ, ಹೊಟ್ಟೆಗೆ ಹೋಗುವ ತಾಮ್ರದ್ದು.

ಬಾಟಲಿಯೊಳಗೇ ಕಂದಾದರೆ

ನಿಜವಾದ ತಲೆನೋವು ಇದು. ಲಿಂಬೆಗೂ ಜಗ್ಗದ ಕಂದು. ಕಾರಣ ಸಾಮಾನ್ಯವಾಗಿ ಒಂದಲ್ಲ, ಎರಡು ಮೂರು ಸೇರಿರುತ್ತವೆ. ನಾನು ಕೇಳುವ ಮೊದಲ ಪ್ರಶ್ನೆ, ಬಾಟಲಿ ಎಲ್ಲಿತ್ತು?

ಹೆಚ್ಚಿನವರು ಹೇಳುವುದು ಅಡುಗೆಮನೆಯ ಅಟ್ಟ, ಇಲ್ಲವೇ ಒಲೆ ಮೇಲಿನ ಕಪಾಟು. ಹಂಚಿನ ಕೆಳಗೆ, ಒಲೆಯ ಮೇಲೆ, ಮೇ ತಿಂಗಳಲ್ಲಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಆಂಥೋಸಯನಿನ್‌ಗೆ ಶಾಖ ಆಗುವುದಿಲ್ಲ. ಸುಮಾರಿಗೆ ಹತ್ತು ಡಿಗ್ರಿ ಬಿಸಿ ಏರಿದರೆ ಅದು ಹಾಳಾಗುವ ವೇಗ ಎರಡರಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಆಗುತ್ತದೆ. ಫ್ರಿಜ್‌ನಲ್ಲಿ ವರ್ಷ ಉಳಿಯುವ ಕೆಂಪು ಅಟ್ಟದ ಮೇಲೆ ಮಳೆಗಾಲ ದಾಟುವುದಿಲ್ಲ. ಒಂದು ಬಾಟಲಿಯನ್ನು ಫ್ರಿಜ್‌ನಲ್ಲಿ, ಒಂದನ್ನು ಅಟ್ಟದಲ್ಲಿ ಇಟ್ಟು ಎರಡು ತಿಂಗಳಿಗೆ ಹೋಲಿಸಿ ನೋಡಿ. ಫ್ರಿಜ್‌ನದ್ದು ಕೆಂಪಾಗಿದ್ದರೆ ನಿಮ್ಮ ಪಾಕದಲ್ಲಿ ದೋಷವಿಲ್ಲ, ಜಾಗದಲ್ಲಿ ದೋಷ. ಎರಡೂ ಕಂದಾಗಿದ್ದರೆ ಪಾಕದ ಕಡೆ ಬನ್ನಿ.

ನನ್ನ ಅತ್ತೆ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಅಂಗಳದಲ್ಲಿ ಬಿಸಿಲಿಗಿಡುತ್ತಿದ್ದರು. ಬಿಸಿಲಿಗೆ ಸಕ್ಕರೆ ಬೇಗ ಕರಗುತ್ತದೆ, ನೀರಿನ ಪಸೆ ಆರುತ್ತದೆ. ಕೆಡದೆ ಉಳಿಯಬೇಕಾದರೆ ಅದು ಬೇಕಿತ್ತು. ಅವರ ಲೆಕ್ಕ ಸರಿಯೇ. ಆದರೆ ವಾರಗಟ್ಟಲೆ ಬಿಸಿಲು ಮತ್ತು ಬೆಳಕು ಬಣ್ಣಕ್ಕೆ ಎರಡು ಕಡೆಯ ಪೆಟ್ಟು. ನಾನೀಗ ಭರಣಿಯನ್ನು ಒಳಗೇ, ನೆರಳಿನಲ್ಲಿ ಇಡುತ್ತೇನೆ. ದಿನಕ್ಕೆರಡು ಸಲ ಮರದ ಸಟ್ಟುಗದಲ್ಲಿ ತಿರುವುತ್ತೇನೆ. ಸಕ್ಕರೆ ಸಿಪ್ಪೆಯೊಳಗಿನ ರಸವನ್ನು ತಾನೇ ಎಳೆದುಕೊಳ್ಳುತ್ತದೆ, ಅದಕ್ಕೆ ಬಿಸಿಲು ಬೇಕಿಲ್ಲ. ಸ್ವಲ್ಪ ದಿನ ಜಾಸ್ತಿ ಹಿಡಿಯುತ್ತದೆ ಅಷ್ಟೇ.

ಇದನ್ನು ಕೇಳಿ ಕೆಲವರು ಶಾಖವೇ ಬೇಡ ಎಂದುಕೊಳ್ಳುತ್ತಾರೆ. ಅದೂ ತಪ್ಪು. ಹಸಿ ಸಿಪ್ಪೆಯಲ್ಲಿ ಕಂದು ಮಾಡುವ ಕಿಣ್ವಗಳಿರುತ್ತವೆ. ಕೊಯ್ದ ಬಾಳೆಕಾಯಿ ಕಪ್ಪಾಗುವುದು ಅಂಥದ್ದೇ ಕಿಣ್ವದಿಂದ. ಅವನ್ನು ನಿಲ್ಲಿಸಲಿಕ್ಕೆ, ಬೂಷ್ಟು ಹುಳಿಬರುವಿಕೆ ತಡೆಯಲಿಕ್ಕೆ ಒಂದು ಸಣ್ಣ ಬಿಸಿ ಬೇಕು. ಸೋಸಿದ ಪಾಕವನ್ನು 80ರಿಂದ 85 ಡಿಗ್ರಿಗೆ ಏರಿಸಿ, ಕೆಲವೇ ನಿಮಿಷ ಹಿಡಿದು, ಬಿಸಿಯಿರುವಾಗಲೇ ಬಾಟಲಿಯ ಕುತ್ತಿಗೆವರೆಗೆ ತುಂಬಿ, ಮುಚ್ಚಳ ಹಾಕಿ, ಐದು ನಿಮಿಷ ಅಡ್ಡ ಮಲಗಿಸಿ. ಮುಚ್ಚಳದ ಒಳಭಾಗಕ್ಕೂ ಬಿಸಿ ತಾಗಬೇಕು. ಆಮೇಲೆ ಬೇಗ ತಣಿಸಬೇಕು. ಮೊದಲು ಉಗುರುಬೆಚ್ಚಗಿನ ನೀರು, ನಂತರ ತಣ್ಣೀರು, ಇಲ್ಲದಿದ್ದರೆ ಗಾಜು ಒಡೆಯುತ್ತದೆ. ಬಿಸಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ರಾತ್ರಿಯಿಡೀ ತಾನೇ ಆರಲಿ ಎಂದು ಬಿಡುವವರೇ ಜಾಸ್ತಿ. ಆ ರಾತ್ರಿಯಲ್ಲೇ ಎಷ್ಟೋ ಬಣ್ಣ ಹೋಗಿರುತ್ತದೆ. ಎಳೆಪಾಕ ಬರುವವರೆಗೆ ಕುದಿಸಿದರಂತೂ ಸಕ್ಕರೆಯೂ ಹುಳಿಯೂ ಸೇರಿ ಹುಟ್ಟುವ ಕೆಲವು ವಸ್ತುಗಳು ಬಾಟಲಿಯೊಳಗೆ ಕೂತು ಮುಂದೆಯೂ ಕಂದು ಮಾಡುತ್ತಲೇ ಇರುತ್ತವೆ. ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ. ಕೈಯಂದಾಜು ಇಲ್ಲಿ ಸಾಲುವುದಿಲ್ಲ.

ಗಾಳಿಯದು ಇನ್ನೊಂದು. ಬಾಟಲಿಯ ಮೇಲೆ ನಾಲ್ಕು ಬೆರಳು ಖಾಲಿ ಬಿಟ್ಟರೆ ಅಲ್ಲಿರುವ ಆಮ್ಲಜನಕ ತನ್ನ ಕೆಲಸ ಮಾಡುತ್ತದೆ. ಮೇಲಿನ ಎರಡು ಇಂಚು ಕಂದು, ಕೆಳಗೆ ಇನ್ನೂ ಕೆಂಪು ಇದ್ದರೆ ಕಾರಣ ಇದೇ ಎಂದು ನಿಸ್ಸಂದೇಹವಾಗಿ ಹೇಳಬಹುದು. ತೆಳು ಪ್ಲಾಸ್ಟಿಕ್ ಬಾಟಲಿಯ ಗೋಡೆಯ ಮೂಲಕವೂ ಗಾಳಿ ನಿಧಾನವಾಗಿ ಒಳಬರುತ್ತದೆ. ಗಾಜೇ ಒಳ್ಳೆಯದು, ಸಣ್ಣ ಗಾಜು ಇನ್ನೂ ಒಳ್ಳೆಯದು.

ಈಗ ವಿಟಮಿನ್ ಸಿ ವಿಷಯ. ಒಂದು ವರ್ಷ ನಾನು ಹನ್ನೆರಡು ಬಾಟಲಿ ಶರಬತ್ತು ಮಾಡಿದೆ. ಆರಕ್ಕೆ ನೆಲ್ಲಿಕಾಯಿ ರಸ ಸೇರಿಸಿದೆ. ಆರೋಗ್ಯಕ್ಕೂ ಆಯಿತು, ಕತ್ತರಿಸಿದ ಸೇಬು ಕಪ್ಪಾಗದಂತೆ ಲಿಂಬೆ ಹಚ್ಚುತ್ತೇವಲ್ಲ, ಹಾಗೇ ಬಣ್ಣವೂ ಉಳಿಯುತ್ತದೆ ಎಂದು ನಂಬಿದ್ದೆ. ಒಂದೂವರೆ ತಿಂಗಳಿಗೆ ನೆಲ್ಲಿಕಾಯಿಯ ಆರೂ ಬಾಟಲಿ ಇಟ್ಟಿಗೆ ಬಣ್ಣ. ಸಾದಾ ಆರೂ ಕೆಂಪು. ಒಂದೇ ಹಣ್ಣು, ಒಂದೇ ದಿನ, ಒಂದೇ ಕಪಾಟು. ಅವತ್ತು ತುಂಬ ಬೇಜಾರಾಯಿತು. ಆದರೆ ಸಾದಾ ಆರು ಬಾಟಲಿ ಪಕ್ಕದಲ್ಲಿ ಇಲ್ಲದಿದ್ದರೆ ನನಗೆ ಕಾರಣ ಎಂದಿಗೂ ಗೊತ್ತಾಗುತ್ತಿರಲಿಲ್ಲ.

ವಿಟಮಿನ್ ಸಿ ಗಾಳಿಯ ಜೊತೆ ಸೇರಿ ತಾನು ಹಾಳಾಗುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಆಂಥೋಸಯನಿನ್‌ನ ಬಣ್ಣ ತೆಗೆಯುತ್ತದೆ. ತಾಮ್ರ, ಕಬ್ಬಿಣದ ಅಂಶ ಇದ್ದರೆ ಇನ್ನೂ ಬೇಗ. ಸೇಬಿನಲ್ಲಿ ಉಪಕಾರ, ಪುನರ್ಪುಳಿಯಲ್ಲಿ ಅಪಕಾರ. ಲಿಂಬೆಯಲ್ಲೂ ವಿಟಮಿನ್ ಸಿ ಇದೆ, ಅದಕ್ಕೇ ಲಿಂಬೆ ಲೋಟಕ್ಕೆ ಮಾತ್ರ, ಬಾಟಲಿಗೆ ಬೇಡ ಅಂದದ್ದು. ಹುಳಿಯೇ ಬೇಕಿದ್ದರೆ ಸಿಟ್ರಿಕ್ ಆಸಿಡ್ ಹಾಕಬಹುದು. ಅದು ವಿಟಮಿನ್ ಅಲ್ಲ. ಆದರೆ ಪುನರ್ಪುಳಿಗೆ ಅದರ ಅಗತ್ಯ ಬರುವುದು ಅಪರೂಪ.

ಕಂದಲ್ಲ, ಬಿಳಿಚಿಕೊಂಡಿದೆ

ಕಂದಾಗುವುದು ಬೇರೆ, ಬಿಳಿಚುವುದು ಬೇರೆ. ಬೆಳಕಿಗೆ ಹಿಡಿದು ನೋಡಿದಾಗ ಕಂದು ಛಾಯೆ ಇಲ್ಲದೆ ಸುಮ್ನೆ ತೆಳುವಾಗಿ, ನಸು ಹಳದಿಗುಲಾಬಿಯಾಗಿ ಕಂಡರೆ, ಅದೂ ಮಾಡಿದ ದಿನವೇ ಹಾಗಾಗಿದ್ದರೆ, ನಾನು ಕೇಳುವುದು ಒಂದೇ. ಬಿಳಿ ಪುಡಿ ಹಾಕಿದ್ರಾ?

ಕೆಎಂಎಸ್ ಎಂದು ಅಂಗಡಿಯಲ್ಲಿ ಸಿಗುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಕೆಡದಂತೆ ಇಡುವ ಪುಡಿ. ಮಾವು, ಅನಾನಸ್, ಲಿಂಬೆ ಸ್ಕ್ವಾಷಿಗೆ ಅದೇ ಹಾಕುತ್ತಾರೆ, ಸರಿಯೇ. ಅದರಿಂದ ಬರುವ ಗಂಧಕದ ಅನಿಲ ಆಂಥೋಸಯನಿನ್‌ಗೆ ಅಂಟಿಕೊಂಡು ಬಣ್ಣ ಮುಚ್ಚಿಬಿಡುತ್ತದೆ. ಗುರುತಿಸುವುದು ಹೀಗೆ. ಸ್ವಲ್ಪವನ್ನು ಬಟ್ಟಲಲ್ಲಿ ಬಿಸಿ ಮಾಡಿ. ಬೆಂಕಿಕಡ್ಡಿ ಗೀರಿದಂಥ ಘಾಟು ಬಂದು, ಬಣ್ಣ ಸ್ವಲ್ಪ ಮರಳಿದರೆ ಕಾರಣ ಅದೇ. ಕೆಂಪು, ನೇರಳೆ ಹಣ್ಣಿನ ಪಾನೀಯಗಳಿಗೆ ಸೋಡಿಯಂ ಬೆಂಜೋಯೇಟ್ ಎಂಬ ಬೇರೆ ಪುಡಿ ಬಳಸುವುದು ಈ ಕಾರಣಕ್ಕೆ. ಅದನ್ನು ಹಾಕಿದ ಬಾಟಲಿಗೆ ವಿಟಮಿನ್ ಸಿ ಸೇರಿಸಬೇಡಿ. ಎರಡೂ ಸೇರಿ ಶಾಖ, ಬೆಳಕಿನಲ್ಲಿ ಬೆಂಜೀನ್ ಎಂಬ ಕೆಟ್ಟ ವಸ್ತು ಅತಿ ಸಣ್ಣ ಪ್ರಮಾಣದಲ್ಲಿ ಹುಟ್ಟಬಹುದು. ಯಾವ ಪುಡಿಯಾದರೂ ಚಮಚದ ಅಂದಾಜು ಬೇಡ, ತಕ್ಕಡಿಯಲ್ಲಿ ತೂಗಿಯೇ ಹಾಕಿ. ಕೆಎಂಎಸ್ ಕೆಲವು ಅಸ್ತಮಾದವರಿಗೆ ಆಗುವುದಿಲ್ಲ, ಹಾಕಿದ್ದರೆ ಲೇಬಲಿನಲ್ಲಿ ಬರೆಯಲೇಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಸಕ್ಕರೆ ಸರಿಯಾಗಿದ್ದು ಬಿಸಿ ತುಂಬಿದ ಪುನರ್ಪುಳಿ ಶರಬತ್ತಿಗೆ ಮನೆ ಮಟ್ಟದಲ್ಲಿ ಯಾವ ಪುಡಿಯೂ ಬೇಡ.

ಮುಚ್ಚಳ ಉಬ್ಬಿದೆ, ತೆರೆದಾಗ ಬುಸ್ ಎನ್ನುತ್ತದೆ

ಸಕ್ಕರೆ ಸಾಲಲಿಲ್ಲ. ಸಿರಪ್ ಎಂದರೆ ಕರಗಿದ ಘನ ಅಂಶ ನೂರಕ್ಕೆ 65 ಇರಬೇಕು, ಅಂದರೆ 65 ಬ್ರಿಕ್ಸ್. ಕೈಯಲ್ಲಿ ಹಿಡಿದು ನೋಡುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿದರೆ ಗೊತ್ತಾಗುತ್ತದೆ. ಪಾಕ ತಣಿದ ಮೇಲೆ ನೋಡಿ. ಸಿಪ್ಪೆಯ ಎರಡರಷ್ಟು ತೂಕದ ಸಕ್ಕರೆ ಎಂಬುದು ಬಿಸಿಲಿನ ದಿನಗಳಲ್ಲಿ ಕೊಯ್ದ ಹಣ್ಣಿಗೆ ಸರಿ. ಮಳೆ ಬಿದ್ದ ಮೇಲೆ ಕೊಯ್ದ ಹಣ್ಣಿನಲ್ಲಿ ನೀರು ಜಾಸ್ತಿ, ಅದೇ ಅಳತೆಗೆ 65 ಬರುವುದಿಲ್ಲ. ಪತ್ತನಾಜೆಯೊಳಗೆ ಕೊಯ್ದು ಮುಗಿಸಿ ಎನ್ನುವುದು ಸುಮ್ನೆ ಅಲ್ಲ.

65 ಇದ್ದೂ ಮೇಲ್ಪದರದಲ್ಲಿ ಬೂಷ್ಟು ಬಂದರೆ ಮುಚ್ಚಳದ ಒಳಗಿನ ಬೆವರು ಕಾರಣ. ಅರ್ಧ ತುಂಬಿದ ಬಿಸಿ ಬಾಟಲಿಯ ಹಬೆ ತಣಿದು ಹನಿಯಾಗಿ ಕೆಳಗೆ ಬೀಳುತ್ತದೆ. ಮೇಲಿನ ಒಂದು ತೆಳು ಪದರ ಮಾತ್ರ ನೀರಾಗುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಬುಸ್ ಎಂದದ್ದನ್ನು, ಬೂಷ್ಟು ಬಂದದ್ದನ್ನು ಕುದಿಸಿ ಬಳಸಬೇಡಿ, ಚೆಲ್ಲಿ.

ಬೇರೆ ಪಾನೀಯಗಳು

ಬೀಟ್‌ರೂಟ್ ಶರಬತ್ತು ಕುದಿಸಿದಾಗ ಮಂಕಾದರೆ ತಕ್ಷಣ ಚೆಲ್ಲಬೇಡಿ. ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಮುರಿದ ಬಣ್ಣದ ತುಂಡುಗಳು ಸ್ವಲ್ಪ ಮಟ್ಟಿಗೆ ಮತ್ತೆ ಕೂಡಿಕೊಂಡು ಕೆಂಪು ಮರಳುತ್ತದೆ. ಈ ಗುಣ ಪುನರ್ಪುಳಿಗೆ ಇಲ್ಲ. ಇನ್ನೊಂದು, ಬೀಟ್‌ರೂಟಿಗೆ ವಿಟಮಿನ್ ಸಿ ಒಳ್ಳೆಯದು. ಲಿಂಬೆ ಹಾಕಿಯೇ ಮಾಡಿ. ಪಕ್ಕದ ಮನೆಯ ಅತ್ತಿಗೆ ಬೀಟ್‌ರೂಟಿಗೆ ಸರಿಹೋದದ್ದನ್ನೇ ಪುನರ್ಪುಳಿಗೂ ಮಾಡಿ ಎರಡು ಕೆಜಿ ಸಕ್ಕರೆ ಹಾಳು ಮಾಡಿಕೊಂಡರು.

ಕಾಸರಗೋಡು ದಾಟಿದರೆ ಹೋಟೆಲುಗಳಲ್ಲಿ ಕೊಡುವ ನಸುಗೆಂಪು ಬಿಸಿನೀರು ಪತಿಮುಗ ಎಂಬ ಮರದ ಚಕ್ಕೆಯದು. ಅದು ಪುನರ್ಪುಳಿಗೆ ಪೂರ್ತಿ ಉಲ್ಟಾ. ಲಿಂಬೆ ಹಿಂಡಿದರೆ ಹಳದಿ, ಸೋಡಾಕ್ಕೆ ಕಡು ಗುಲಾಬಿ. ಮನೆಯಲ್ಲಿ ಕುದಿಸಿದ್ದು ಹಳದಿಯಾಗಿಯೇ ಇದ್ದರೆ ಚಕ್ಕೆ ಕೆಟ್ಟದ್ದೆಂದು ಬೈಯಬೇಡಿ, ಬಾವಿನೀರು ಹುಳಿಯ ಕಡೆಗಿದೆ.

ಶಂಖಪುಷ್ಪದ ನೀಲಿ ಲಿಂಬೆಗೆ ನೇರಳೆಯಾಗುವುದು ದೋಷವಲ್ಲ, ಅದರ ಸ್ವಭಾವ.

ಗೇರುಹಣ್ಣಿನ ರಸ ಗಂಟಲು ಹಿಡಿದರೆ ಅದು ಟ್ಯಾನಿನ್ ಎಂಬ ಒಗರಿನ ಅಂಶ. ಸಾಬಕ್ಕಿ ಪುಡಿಯನ್ನು ಗಂಜಿ ಮಾಡಿ ಆರಿಸಿ, ರಸಕ್ಕೆ ಬೆರೆಸಿ ರಾತ್ರಿ ಬಿಡಿ. ನಾನು ಲೀಟರಿಗೆ ಒಂದು ಟೀ ಚಮಚ ಪುಡಿಯ ಲೆಕ್ಕ ಇಡುತ್ತೇನೆ. ಬೆಳಿಗ್ಗೆ ಗಸಿ ತಳ ಹಿಡಿದಿರುತ್ತದೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರು ಗೇರುಹಣ್ಣಿನ ಬಗ್ಗೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ದೊಡ್ಡ ಪ್ರಮಾಣದಲ್ಲಿ ಮಾಡುವವರು ಅಲ್ಲಿ ಕೇಳಿದರೆ ಒಳ್ಳೆಯದು.

ಮೂಸಂಬಿ, ಲಿಂಬೆ ಜ್ಯೂಸು ಹಿಂಡಿದಾಗ ಸರಿ ಇದ್ದು ಎರಡು ಗಂಟೆ ಬಿಟ್ಟು ಕಹಿಯಾದರೆ ಬೀಜ ಮತ್ತು ಬಿಳಿ ತೊಗಟೆಯಿಂದ ಬಂದ ಲಿಮೊನಿನ್ ಎಂಬ ಕಹಿ ಅಂಶ ಕಾರಣ. ಒತ್ತಿ ಹಿಂಡಬೇಡಿ, ಕೂಡಲೇ ಸೋಸಿ. ಬೊಂಡದ ನೀರು (ಎಳನೀರು) ಪಾತ್ರೆಯಲ್ಲಿ ಗುಲಾಬಿಯಾದರೆ ಕಿಣ್ವದ ಕೆಲಸ, ಕೆತ್ತಿದ ಕೂಡಲೇ ತಂಪಿಗಿಡಿ. ಕಬ್ಬಿನ ಹಾಲು ಕಪ್ಪಾಗುವುದೂ ಅದೇ. ಆದರೆ ಕಬ್ಬಿನ ಹಾಲು ಲೋಳೆಯಾದರೆ ಅದು ಬ್ಯಾಕ್ಟೀರಿಯಾ, ಗಾಣ ತೊಳೆದಿಲ್ಲ ಎಂದರ್ಥ, ಕುಡಿಯಬೇಡಿ.

ಈಗಾಗಲೇ ಕಂದಾದ ಬಾಟಲಿಗಳು

ಹುಳಿವಾಸನೆ, ಬೂಷ್ಟು, ನೊರೆ ಇಲ್ಲದಿದ್ದರೆ ಅದು ಕೆಟ್ಟದ್ದಲ್ಲ, ಬಣ್ಣ ಮಾತ್ರ ಹೋಗಿದೆ. ಅದಕ್ಕೆ ಬೀಟ್‌ರೂಟ್ ಬೆರೆಸಿ ಪುನರ್ಪುಳಿ ಎಂದು ಮಾರಬೇಡಿ, ಕೊಂಡವರಿಗೆ ಮೋಸವಾಗುತ್ತದೆ. ಮನೆಯಲ್ಲಿ ಸಾರು ಮಾಡಿ. ಸಿಹಿ ಹೇಗೂ ಅದರಲ್ಲೇ ಇದೆ, ನೀರು, ಉಪ್ಪು, ಹಸಿಮೆಣಸು, ಮೇಲೆ ಜೀರಿಗೆ ಕರಿಬೇವಿನಸೊಪ್ಪಿನ ಒಗ್ಗರಣೆ. ಬೆಲ್ಲ ಹಾಕಿದ ಸಾರು ಹೇಗೂ ಕಂದೇ ಇರುವುದು, ಯಾರೂ ಬಣ್ಣ ಕೇಳುವುದಿಲ್ಲ. ಒಂದು ಬಾಟಲಿಯನ್ನು ಮಾತ್ರ ಉಳಿಸಿ, ಅದರ ಮೇಲೆ ಚೀಟಿ ಅಂಟಿಸಿ: ಕೊಯ್ದ ದಿನ, ಎಷ್ಟು ಡಿಗ್ರಿ ಬಿಸಿ, ಎಷ್ಟು ಬ್ರಿಕ್ಸ್, ಎಲ್ಲಿಟ್ಟದ್ದು, ಯಾವಾಗ ಕಂದಾಯಿತು. ಮುಂದಿನ ವರ್ಷ ಭರಣಿ ತೊಳೆಯುವ ಮೊದಲು ಆ ಚೀಟಿ ಓದಿ. ಬದಲಿಸುವುದಾದರೆ ಅದರಲ್ಲಿ ಒಂದನ್ನೇ ಬದಲಿಸಿ.